ಕಾಣಿಕೆ ಚೀಲಕ್ಕೆ ಯಾರ ದುಡ್ಡು?

ಡಿಸೆಂಬರ್ ಬಂತೆಂದರೆ ನಮ್ಮ ಮಂಗಳೂರು ಕಡೆಯ ಕ್ರೈಸ್ತ ಮನೆಗಳಲ್ಲಿ ಖರ್ಚಿನ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಕುಸ್ವಾರಿಗೆ, ಅಂದರೆ ಹಬ್ಬದ ತಿಂಡಿಗಳಿಗೆ, ಮೈದಾ, ತುಪ್ಪ, ತೆಂಗಿನಕಾಯಿ. ಮನೆಮಂದಿಗೆಲ್ಲ ಹೊಸ ಬಟ್ಟೆ. ಚಾವಡಿಗೆ ನಕ್ಷತ್ರ, ಕೇಕಿಗೆ ದ್ರಾಕ್ಷಿ-ಗೋಡಂಬಿ. ಪಟ್ಟಿಯ ತೀರಾ ಕೆಳಗೆ ‘ದಾನ’ ಎಂದು ಒಂದು ಸಾಲು. ಎಲ್ಲ ಮುಗಿದು ಏನಾದರೂ ಉಳಿದರೆ ಅದಕ್ಕೆ. ಮಕ್ಕಳು ಆ ಪಟ್ಟಿಯನ್ನು ಓದುವುದಿಲ್ಲ, ಆದರೆ ಯಾವುದು ಮೊದಲು, ಯಾವುದು ಕೊನೆ ಎಂಬುದನ್ನು ಸರಿಯಾಗಿ ಕಲಿತುಬಿಡುತ್ತಾರೆ.

ನನ್ನಜ್ಜಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಶುರು ಮಾಡಿದ ಹಂಚಿನ ಉದ್ಯಮ ನಮ್ಮಂಥ ಎಷ್ಟೋ ಪ್ರೊಟೆಸ್ಟೆಂಟ್ ಕುಟುಂಬಗಳಿಗೆ ಅನ್ನ ಕೊಟ್ಟಿದೆ. ಅಜ್ಜಿಯ ಬಳಿ ಎರಡು ಅಭ್ಯಾಸಗಳಿದ್ದವು. ಒಂದು, ಮನೆ ಬಾಗಿಲಿಗೆ ಬರುವ ಪಿಗ್ಮಿಯವನಿಗೆ ತಪ್ಪದೆ ಕಟ್ಟುವುದು. ಟಿ.ಎಂ.ಎ. ಪೈಗಳ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯ ಲೆಕ್ಕದಲ್ಲಿ ಆರಂಭಿಸಿದ ಈ ಯೋಜನೆ ಕರಾವಳಿಯ ಬಡವರಿಗೂ ಉಳಿತಾಯದ ರುಚಿ ಹತ್ತಿಸಿತ್ತು. ಇನ್ನೊಂದು, ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು. ತಿಂಗಳಿಗೊಮ್ಮೆ ಅದು ಸಭೆಗೆ ಹೋಗುತ್ತಿತ್ತು. ಮಿಜೋರಾಂನ ಪ್ರೆಸ್ಬಿಟೇರಿಯನ್ ಮನೆಗಳಲ್ಲಿ 1910ರಿಂದಲೂ ಹೀಗೇ ಹಿಡಿ ಅಕ್ಕಿ ಎತ್ತಿಡುವ ಪದ್ಧತಿ ಇದೆ. ಅಲ್ಲಿ ಅದನ್ನು ಮಾರಿ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಸೇರುತ್ತದೆ. ನನಗೆ ಮೊತ್ತಕ್ಕಿಂತ ಮುಖ್ಯವಾಗಿ ಕಾಣುವುದು ಅದನ್ನು ತೆಗೆಯುವ ಹೊತ್ತು. ಅನ್ನ ಮಿಕ್ಕ ಮೇಲೆ ಕೊಡುವುದಲ್ಲ, ಒಲೆಯ ಮೇಲೆ ಎಸರು ಕುದಿಯುತ್ತಿರುವಾಗ, ಇಷ್ಟು ಸಾಕಾದೀತೋ ಇಲ್ಲವೋ ಎಂದು ತಿಳಿಯುವ ಮೊದಲೇ ತೆಗೆದಿಡುವುದು.

ಈಗ ನಮ್ಮ ಕಾಲಕ್ಕೆ ಬನ್ನಿ. ಆರಾಧನೆಯಲ್ಲಿ ಕಾಣಿಕೆ ಚೀಲ ಹತ್ತಿರ ಬರುತ್ತಿದ್ದಂತೆ ಅಪ್ಪ ಜೇಬಿನಿಂದ ನೂರರ ನೋಟು ತೆಗೆದು ಮಗುವಿನ ಕೈಗಿಡುತ್ತಾರೆ. ಮಗು ಚೀಲಕ್ಕೆ ಹಾಕುತ್ತದೆ. ನೋಡಲು ಚಂದ. ಆದರೆ ಕೊಟ್ಟವರು ಅಪ್ಪ, ಮಗು ಬರೀ ಕೊರಿಯರ್. ಕುಸ್ವಾರಿನ ತಟ್ಟೆಯೂ ಹಾಗೆಯೇ. ಅಕ್ಕಪಕ್ಕದ ಮನೆಗಳಿಗೆ ಮಕ್ಕಳ ಕೈಯಲ್ಲಿ ಕಳಿಸುತ್ತೇವೆ. ದೀಪಾವಳಿಗೆ, ಈದ್‌ಗೆ ಅಲ್ಲಿಂದಲೂ ಬರುತ್ತದೆ, ತಟ್ಟೆ ಖಾಲಿಯಾಗಿ ಹಿಂದಿರುಗುವುದಿಲ್ಲ. ಊರಿನ ಬದುಕಿಗೆ ಇದು ಬೇಕೇ ಬೇಕು, ನಾನು ಬಿಡುವವಳಲ್ಲ. ಆದರೆ ಇದು ಕೊಡು-ಕೊಳ್ಳುವಿಕೆ. ತ್ಯಾಗವೆಂದರೆ ಕೊಟ್ಟ ಮೇಲೆ ಕೊಟ್ಟವರಲ್ಲಿ ಏನಾದರೂ ಕಡಿಮೆಯಾಗಬೇಕು, ಆ ಕಡಿಮೆ ಅವರಿಗೆ ಗೊತ್ತಾಗಬೇಕು.

ಹಾಗಾಗಬೇಕಾದರೆ ಮಗುವಿಗೆ ಸ್ವಂತದ್ದೆಂಬ ದುಡ್ಡು ಇರಬೇಕು. ಬೇಕೆಂದು ಹಂಬಲಿಸುವ ಒಂದು ವಸ್ತುವೂ ಇರಬೇಕು. ನಮ್ಮ ಮನೆಯಲ್ಲಿ ವಾರಕ್ಕೆ 70 ರೂಪಾಯಿ ಪಾಕೆಟ್ ಮನಿ. ಮಗಳು ಒಂದು ಶಟಲ್ ಬ್ಯಾಟಿಗಾಗಿ ಕೂಡಿಡುತ್ತಿದ್ದಳು. ಬೆಲೆ 1,400, ಡಬ್ಬಿಯಲ್ಲಿದ್ದದ್ದು 980. ಇನ್ನು ಆರು ವಾರ. ಅದೇ ಡಿಸೆಂಬರಿನಲ್ಲಿ ನಮ್ಮ ಸಭೆಯ ಒಂದು ಕುಟುಂಬಕ್ಕೆ ಮಕ್ಕಳ ಶಾಲಾ ಫೀಸು ಕಟ್ಟಲು ಹಣ ಸೇರಿಸುತ್ತಿದ್ದರು. ಅವಳೇ ಡಬ್ಬಿ ತಂದು ಊಟದ ಮೇಜಿನ ಮೇಲೆ ಸುರಿದಳು. ಹತ್ತರ ನೋಟು, ಇಪ್ಪತ್ತರ ನೋಟು, ಚಿಲ್ಲರೆ ಬೇರೆ ಬೇರೆ ಮಾಡಿದಳು.

“ಎಷ್ಟು ಹಾಕ್ಬೇಕಮ್ಮ?”

“ಅದು ನಿನ್ನ ದುಡ್ಡು.”

“ಕಮ್ಮಿ ಆದದ್ದನ್ನು ನೀವು ಹಾಕಿ ಕೊಡ್ತೀರಲ್ವಾ?”

“ಇಲ್ಲ.”

“ಹಾಗಾದ್ರೆ ಬ್ಯಾಟು?”

“ತಡ ಆಗ್ತದೆ. ಎಷ್ಟು ತಡ ಅಂತ ನೀನೇ ಲೆಕ್ಕ ಹಾಕು.”

ಹೋಂವರ್ಕ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ನಡೆಯಿತು. 350 ಕೊಟ್ಟರೆ ಆರು ವಾರ ಹನ್ನೊಂದಾಗುತ್ತದೆ. ಜನವರಿಯ ಬ್ಯಾಟು ಫೆಬ್ರವರಿಯ ಕೊನೆಗೆ. ಅವಳ ಮುಖ ಬಾಡಿತು. ನನ್ನ ಕೈ ಪರ್ಸಿನ ಕಡೆ ಹೋಗಲು ತವಕಿಸುತ್ತಿತ್ತು ಎಂಬುದೂ ನಿಜ. ಕೊನೆಗೆ 350 ಎಣಿಸಿ ಕವರಿಗೆ ಹಾಕಿದಳು. ದೊಡ್ಡವರು ತ್ಯಾಗವನ್ನು ರೂಪಾಯಿಯಲ್ಲಿ ಅಳೆಯುತ್ತೇವೆ. ಮಕ್ಕಳಿಗೆ ಅದು ಅರ್ಥವಾಗುವುದು ವಾರಗಳಲ್ಲಿ.

ಸಣ್ಣವನು ಹತ್ತು ರೂಪಾಯಿ ಹಾಕಿ ಎದ್ದುಹೋದ. ಡಬ್ಬಿಯಲ್ಲಿ ಇನ್ನೂ ಸಾಕಷ್ಟಿತ್ತು. “ಅಕ್ಕನನ್ನು ನೋಡು” ಎನ್ನಲು ನಮ್ಮ ಮನೆಯವರು ಬಾಯಿ ತೆರೆದರು, ನಾನು ತಡೆದೆ. ಇಲ್ಲ ಎನ್ನುವ ಹಕ್ಕಿಲ್ಲದ ಕಡೆ ಕೊಟ್ಟದ್ದು ದಂಡವಾಗುತ್ತದೆ. ಭಾನುವಾರ ಶಾಲೆಗಳಲ್ಲಿ ಯಾರು ಎಷ್ಟು ತಂದರೆಂದು ಗಟ್ಟಿಯಾಗಿ ಓದುವ ಪದ್ಧತಿಯೂ ನನಗೆ ಹಿಡಿಸುವುದಿಲ್ಲ. ತಾರದ ಮಗುವಿನ ಮನೆಯ ಸ್ಥಿತಿ ಓದುವವರಿಗೆ ಗೊತ್ತಿರುವುದಿಲ್ಲ.

ಮಕ್ಕಳ ಡಬ್ಬಿಗೆ ಕೈಹಾಕಿಸಿ ನಾವು ಹಾಯಾಗಿದ್ದರೆ ನಾಟಕವಾಗುತ್ತದೆ. ವರ್ಷದ ಕೊನೆಗೆ ಚಿಕ್ಕಮಗಳೂರಿನ ಹೋಂಸ್ಟೇಗೆ ಹೋಗುವುದೆಂದು ಮಾತಾಗಿತ್ತು. ಅದನ್ನು ಬಿಟ್ಟೆವು. ಬಿಡುವ ಚರ್ಚೆಯನ್ನು ಮಕ್ಕಳ ಎದುರೇ ಮಾಡಿದೆವು. “ಮುಂದಿನ ವರ್ಷ ರೇಟು ಇನ್ನೂ ಜಾಸ್ತಿಯಾಗ್ತದೆ” ಎಂದು ನಮ್ಮ ಮನೆಯವರು ಗೊಣಗಿದ್ದೂ ಅವರ ಕಿವಿಗೆ ಬಿತ್ತು. ಬೀಳಲಿ. ಅಪ್ಪನಿಗೂ ಬಿಡುವುದು ಸುಲಭವಲ್ಲ ಎಂದು ಗೊತ್ತಾದರೆ ನಷ್ಟವೇನಿಲ್ಲ.

ಈ ವಿಷಯ ಬಂದಾಗ ಎಲ್ಲರೂ ಬಡ ವಿಧವೆಯ ಎರಡು ಕಾಸಿನ ಪ್ರಸಂಗವನ್ನು ತೆಗೆಯುತ್ತಾರೆ. ಐಶ್ವರ್ಯವಂತರು ಮಿಕ್ಕದ್ದರಲ್ಲಿ ಹಾಕಿದರು, ಇವಳು ಬದುಕಿಗಿದ್ದದ್ದನ್ನೇ ಹಾಕಿದಳು. ಮಕ್ಕಳಿಗೆ ಹೇಳುವಾಗ ನಾನು ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಈ ಪ್ರಸಂಗಕ್ಕೆ ತುಸು ಮೊದಲೇ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಖಂಡಿಸುತ್ತಾನೆ. ಎರಡನ್ನೂ ಸೇರಿಸಿ ಓದಬೇಕು. ಚಿನ್ನ ಅಡವಿಟ್ಟು ಸಂಸಾರ ತೂಗಿಸುವ ಮನೆ ಕ್ರಿಸ್ಮಸ್ಸಿನ ಹೆಸರಲ್ಲಿ ಇನ್ನಷ್ಟು ಸಾಲ ಮಾಡಿ ಕೊಡುವ ಅಗತ್ಯವಿಲ್ಲ. ಸಾಲದ ದುಡ್ಡಿನಲ್ಲಿ ದಾನ ಮಾಡಬಾರದು, ಕ್ರೆಡಿಟ್ ಕಾರ್ಡಿನಲ್ಲಂತೂ ಬೇಡವೇ ಬೇಡ. ಮಕ್ಕಳಿಗೂ ನಾನು ಹಾಕಿರುವ ಗೆರೆ ಇದೇ: ಡಬ್ಬಿಯಲ್ಲಿದ್ದದ್ದನ್ನು ಕೊಡಬಹುದು, ಮುಂದಿನ ವಾರದ್ದನ್ನು ಮುಂಗಡ ಕೇಳುವ ಹಾಗಿಲ್ಲ.

ಹಣಕಾಸಿನ ಅಂಕಣವಾದ್ದರಿಂದ ತೆರಿಗೆಯ ಮಾತನ್ನೂ ಆಡಿಬಿಡುತ್ತೇನೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ 30ರ ಸ್ತರದಲ್ಲಿರುವವರು, 80ಜಿ ಎಂದೇ ನಮಗೆ ಪರಿಚಿತವಾದ ವಿನಾಯಿತಿಯಲ್ಲಿ ಶೇ 50ರ ಕಡಿತ ಸಿಗುವ ಸಂಸ್ಥೆಗೆ 10,000 ರೂಪಾಯಿ ಕೊಟ್ಟರೆ ಸೆಸ್ ಸೇರಿ 1,560 ರೂಪಾಯಿ ತೆರಿಗೆ ಉಳಿಯುತ್ತದೆ. ಅಂದರೆ ನಿಜವಾಗಿ ಕೈಬಿಟ್ಟದ್ದು 8,440. ನಗದಾಗಿ 2,000ಕ್ಕಿಂತ ಹೆಚ್ಚು ಕೊಟ್ಟರೆ ಈ ಲಾಭವಿಲ್ಲ. ಬಟ್ಟೆ, ಅಕ್ಕಿ ಮುಂತಾದ ವಸ್ತು ಕೊಟ್ಟರೂ ಇಲ್ಲ. ಹೊಸ ಪದ್ಧತಿಗೆ ಹೋದವರಿಗಂತೂ ಈ ಕಡಿತವೇ ಸಿಗದು. ವಿನಾಯಿತಿ ಪಡೆಯುವುದು ತಪ್ಪಲ್ಲ. ಆದರೆ ಆ 1,560ನ್ನೂ ಎತ್ತಿ ಕೊಟ್ಟರೆ ಲೆಕ್ಕ ಸರಿಹೋಗುತ್ತದೆಂದು ನನ್ನ ಅಭಿಪ್ರಾಯ.

ಕವರನ್ನು ಸಭಾಪಾಲಕರ ಕೈಗೆ ಕೊಟ್ಟೆವು. ಯಾರಿಂದ ಬಂತೆಂದು ಆ ಮನೆಯವರಿಗೆ ತಿಳಿಯದು. ಅವರ ಮಕ್ಕಳು ನಮ್ಮ ಮಕ್ಕಳ ಜೊತೆಗೇ ಕ್ಯಾರಲ್ ಹಾಡುವವರು, ನಾಳೆ ಮುಖ ನೋಡಬೇಕಲ್ಲ. ಸಾಂತಾ ಕ್ಲಾಸ್‌ನ ಮೂಲಪುರುಷ ಮೈರಾದ ಬಿಷಪ್ ನಿಕೊಲಸನ ಐತಿಹ್ಯದಲ್ಲೂ ಮೂವರು ಬಡ ಹೆಣ್ಣುಮಕ್ಕಳ ಮದುವೆಗೆ ಚಿನ್ನ ರಾತ್ರಿ ಹೊತ್ತು ಗುಟ್ಟಾಗಿ ಬಂದು ಬೀಳುತ್ತದೆ. ಈಗ ಬ್ಯಾನರ್ ಕಟ್ಟಿ, ಕಿಟ್ ಹಿಡಿಸಿ, ಫೋಟೊ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ.

ನಾನು ಎಣಿಸದೇ ಇದ್ದ ತೊಡಕು ಬಂದದ್ದು ಹಬ್ಬದ ದಿನವೇ. ಮಾವ, ಚಿಕ್ಕಪ್ಪ, ದೊಡ್ಡಮ್ಮ ಎಲ್ಲರೂ ಮಕ್ಕಳ ಕೈಗೆ ನೋಟು ಕೊಟ್ಟರು. ಸಂಜೆಯೊಳಗೆ ಮಗಳ 350 ತುಂಬಿ, ಬ್ಯಾಟಿಗೂ ಸಾಕಾಗಿ ಮೇಲೆ ಉಳಿಯಿತು! ಹತ್ತು ವರ್ಷ ತುಂಬಿದ ಮಗು ಬ್ಯಾಂಕಿನ ಮಿತಿಯೊಳಗೆ ತನ್ನ ಉಳಿತಾಯ ಖಾತೆಯನ್ನು ತಾನೇ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಅವಳಿಗೂ ಅಂಥದ್ದೊಂದಿದೆ. ಹಬ್ಬದ ಹಣವೆಲ್ಲ ಅಲ್ಲಿಗೆ ಎಂದೆ. “ಕೊಟ್ಟದ್ದಕ್ಕೆ ಇದು ಶಿಕ್ಷೆಯಾ?” ಎಂದು ಕೇಳಿದಳು. ಪ್ರಶ್ನೆ ನ್ಯಾಯವೇ. ಹಬ್ಬದ ಹಣ ಪ್ರತಿ ವರ್ಷವೂ ಖಾತೆಗೇ ಹೋಗುತ್ತಿತ್ತು, ಈ ವರ್ಷಕ್ಕೆಂದು ನಿಯಮ ಬದಲಾಗಿಲ್ಲ ಎಂದು ಹಳೆಯ ಪಾಸ್‌ಬುಕ್ ತೆಗೆದು ತೋರಿಸಬೇಕಾಯಿತು. ಬ್ಯಾಟು ಫೆಬ್ರವರಿ ಕೊನೆಯ ಶನಿವಾರ ಬಂತು, ಅಂಗಡಿಯಲ್ಲಿ ಅವಳೇ ಚೌಕಾಸಿ ಮಾಡಿ ಐವತ್ತು ರೂಪಾಯಿ ಇಳಿಸಿದಳು. ಆ ಐವತ್ತು ಯಾರಿಗೆ ಎಂದು ನಾನು ಕೇಳಲಿಲ್ಲ.