ಪಾಳಿ ಕೆಲಸದವರಿಗೆ ಒಂದು ವಿಶ್ರಾಂತಿ ಕೋಣೆ

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಪಾಠ)



ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳಿಗೆ ಇವತ್ತು ನಮ್ಮ ಹಳ್ಳಿಗಳಿಂದ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗುತ್ತಿದ್ದಾರೆ. ಒಂದು ವಾರ ಬೆಳಿಗ್ಗೆ ಪಾಳಿ, ಇನ್ನೊಂದು ವಾರ ಮಧ್ಯಾಹ್ನ, ಮತ್ತೊಂದು ವಾರ ರಾತ್ರಿ. ಮಗಳು ಕೆಲಸಕ್ಕೆ ಸೇರಿದಳು ಅಂದ ಕೂಡಲೇ "ಸಂಬಳ ಎಷ್ಟು?" ಅಂತ ಎಲ್ಲರೂ ಕೇಳ್ತೀವಿ. "ಅಲ್ಲಿ ಒಂದು ಗಳಿಗೆ ಬೆನ್ನು ಚಾಚೋಕೆ ಜಾಗ ಇದೆಯಾ?" ಅಂತ ಕೇಳುವವರು ಕಡಿಮೆ. ಈ ಪಾಠ ಆ ಎರಡನೇ ಪ್ರಶ್ನೆಯ ಬಗ್ಗೆ.

ಪಾಳಿ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. 2001ರ ಫೆಬ್ರವರಿಯಲ್ಲಿ ಮುಚ್ಚುವವರೆಗೂ ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ಗಂಡಸರು ಪಾಳಿಯ ಮೇಲೆ ಭೂಮಿಯೊಳಗೆ ಇಳಿಯುತ್ತಿದ್ದರು. ಈಗ ಹೊಸದೇನೆಂದರೆ, ರಾತ್ರಿ ಪಾಳಿಗೆ ನಮ್ಮ ಹೆಣ್ಣುಮಕ್ಕಳೂ ಹೋಗುತ್ತಿದ್ದಾರೆ.

1. ಪಾಳಿ ಬದಲಾದರೆ ದೇಹಕ್ಕೆ ಏನಾಗುತ್ತದೆ?

ನಮ್ಮ ದೇಹದೊಳಗೆ ಒಂದು ಗಡಿಯಾರ ಇದೆ. ಕತ್ತಲಾದರೆ ಮಲಗು, ಬೆಳಕಾದರೆ ಏಳು ಅನ್ನುತ್ತದೆ. ಪಾಳಿ ಬದಲಾದ ಮಾತ್ರಕ್ಕೆ ಅದು ಬದಲಾಗುವುದಿಲ್ಲ, ಹೊಂದಿಕೊಳ್ಳಲು ಹಲವು ದಿನ ಬೇಕು. ಅಷ್ಟರಲ್ಲಿ ಪಾಳಿ ಮತ್ತೆ ಬದಲಾಗಿರುತ್ತದೆ!

ರಾತ್ರಿ ಸುಮಾರು 2ರಿಂದ 5 ಗಂಟೆಯ ನಡುವೆ ಎಚ್ಚರ ತೀರಾ ಕಡಿಮೆ ಇರುತ್ತದೆ. ಯಂತ್ರಕ್ಕೆ ಬೆರಳು ಕೊಡುವುದು, ತಪ್ಪು ಗುಂಡಿ ಒತ್ತುವುದು ಇಂಥ ಹೊತ್ತಿನಲ್ಲೇ. ಬಿಡುವಿನಲ್ಲಿ 15-20 ನಿಮಿಷ ಕಣ್ಣು ಮುಚ್ಚಿದರೂ ಎಚ್ಚರ ಸುಧಾರಿಸುತ್ತದೆ. ಹೆಚ್ಚು ಹೊತ್ತು ಮಲಗಿ ಎದ್ದರೆ ಮಾತ್ರ ಸ್ವಲ್ಪ ಹೊತ್ತು ತಲೆ ಮಂಕಾಗಿರುತ್ತದೆ. ಎದ್ದ ಕೂಡಲೇ ಯಂತ್ರದ ಮುಂದೆ ನಿಲ್ಲಬಾರದು. ಹೀಗಾಗಿ ವಿಶ್ರಾಂತಿ ಕೋಣೆ ಅಂದರೆ ಸೋಮಾರಿಗಳ ಕೋಣೆಯಲ್ಲ, ಅಪಘಾತ ತಡೆಯುವ ಕೋಣೆ.

2. ಕಾನೂನು ಏನು ಹೇಳುತ್ತದೆ?

1948ರ ಕಾರ್ಖಾನೆಗಳ ಕಾಯ್ದೆಯಲ್ಲಿ, 150ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ವಿಶ್ರಾಂತಿ ಕೋಣೆ ಮತ್ತು ಕುಡಿಯುವ ನೀರಿರುವ ಊಟದ ಕೋಣೆ ಇರಬೇಕೆಂದಿತ್ತು. ಅರ್ಧ ಗಂಟೆಯಾದರೂ ಬಿಡುವು ಕೊಡದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ ಇತ್ತು.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ಅದರ ಮುಖ್ಯ ಅಂಶಗಳು:

• 50ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ, ಸರ್ಕಾರದ ನಿಯಮದಂತೆ, ಹೆಂಗಸರಿಗೆ, ಗಂಡಸರಿಗೆ ಹಾಗೂ ಲಿಂಗತ್ವ ಅಲ್ಪಸಂಖ್ಯಾತರಿಗೆ ಬೇರೆ ಬೇರೆ ವಿಶ್ರಾಂತಿ ಕೋಣೆ.
• ಗುತ್ತಿಗೆಯವರೂ ಸೇರಿ 100 ಮಂದಿ ಇದ್ದರೆ ಕ್ಯಾಂಟೀನ್.
• ನಿಂತು ಕೆಲಸ ಮಾಡುವವರಿಗೆ ಕೂರಲು ವ್ಯವಸ್ಥೆ.
• ಸಂಜೆ 7ರ ನಂತರ, ಬೆಳಿಗ್ಗೆ 6ರ ಮೊದಲು ಹೆಂಗಸರನ್ನು ದುಡಿಸಲು ಅವರ ಒಪ್ಪಿಗೆ ಮತ್ತು ಸುರಕ್ಷತೆಯ ಏರ್ಪಾಡು.

ಒಪ್ಪಿಗೆ ಅಂದರೆ ಓದದೆ ಹಾಕುವ ಸಹಿಯಲ್ಲ. ಸಹಿ ಮಾಡುವ ಮೊದಲು ಬಸ್ಸು ಮನೆ ಹತ್ತಿರ ಬರುತ್ತದೆಯೇ, ಕೋಣೆ ಇದೆಯೇ ಎಂದು ಮಗಳು ಕೇಳಿ ತಿಳಿದುಕೊಳ್ಳಲಿ.

3. ಒಳ್ಳೆಯ ಕೋಣೆ ಹೇಗಿರಬೇಕು?

ಮೊದಲ ಮಾತು: ಊಟ ಮಾಡಿ ಮಾತಾಡುವ ಜಾಗ ಬೇರೆ, ಕಣ್ಣು ಮುಚ್ಚುವ ಜಾಗ ಬೇರೆ. ಎರಡೂ ಒಂದೇ ಆದರೆ ಟಿ.ವಿ. ಸದ್ದಿನಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ದೊಡ್ಡ ಕೋಣೆಗೆ ನಡುವೆ ಒಂದು ಗೋಡೆ ಹಾಕಿದರೂ ಸಾಕು.

• ದೂರ: ಅರ್ಧ ಗಂಟೆ ಬಿಡುವಿನಲ್ಲಿ ಹೋಗಿ ಬರೋಕೇ 10 ನಿಮಿಷ ಆದರೆ ಕೋಣೆ ಇದ್ದೂ ಇಲ್ಲದಂತೆ. ಕೆಲಸದ ಜಾಗಕ್ಕೆ ಹತ್ತಿರ ಇರಬೇಕು, ಯಂತ್ರದ ಸದ್ದು, ಧೂಳು, ವಾಸನೆ ಬರಬಾರದು.
• ಬೆಳಕು: ಕೂರುವ ಕಡೆ ಚೆನ್ನಾಗಿ ಬೆಳಕು. ಮಲಗುವ ಕಡೆ ಮಂದ ಬೆಳಕು, ಕಿಟಕಿಗೆ ದಪ್ಪ ಪರದೆ.
• ಗಾಳಿ: ಫ್ಯಾನು, ತೆರೆಯುವ ಕಿಟಕಿ.
• ಆಸನ: ಬೆನ್ನಿಗೆ ಒರಗು ಇರುವ ಕುರ್ಚಿ, ಕಾಲು ಚಾಚಲು ಬೆಂಚು, ತೊಳೆಯಬಹುದಾದ ಚಾಪೆ. ಎಂಟು ಗಂಟೆ ನಿಂತವಳಿಗೆ ಕಾಲು ಮೇಲಿಡುವುದೇ ದೊಡ್ಡ ಔಷಧಿ.
• ನೀರು ಮತ್ತು ಶೌಚಾಲಯ: ಪಕ್ಕದಲ್ಲೇ ಇರಬೇಕು. ದೂರ ಇದ್ದರೆ ಹೆಣ್ಣುಮಕ್ಕಳು ನೀರನ್ನೇ ಕುಡಿಯುವುದಿಲ್ಲ. ಅದರಿಂದ ಉರಿಮೂತ್ರ ಬರುತ್ತದೆ. ಮುಟ್ಟಿನ ಬಟ್ಟೆ ಹಾಕಲು ಮುಚ್ಚಳದ ಬುಟ್ಟಿ ಬೇಕು.
• ಮರ್ಯಾದೆ: ಒಳಗಿನಿಂದ ಚಿಲಕ, ಒಳಗೆ ಕ್ಯಾಮೆರಾ ಇಲ್ಲ. ಹಾಲುಣಿಸುವ ತಾಯಿ ಹಾಲು ಹಿಂಡಿಕೊಳ್ಳಲು ಒಂದು ಮರೆ.
• ರಾತ್ರಿ ಊಟ: ಬಿಸಿ ಮಾಡಿಕೊಳ್ಳುವ ವ್ಯವಸ್ಥೆ. ಹಗಲು ಮಾತ್ರ ತೆರೆಯುವ ಕ್ಯಾಂಟೀನ್ ರಾತ್ರಿ ಪಾಳಿಯವಳಿಗೆ ಇಲ್ಲದಂತೆಯೇ.
• ಶುಚಿ: ಪ್ರತಿ ಪಾಳಿಗೂ ಗುಡಿಸಬೇಕು. ಬೆಳಿಗ್ಗೆಯವರು ಬಿಟ್ಟುಹೋದ ಕಸ ರಾತ್ರಿಯವರಿಗೆ ಉಳಿಯಬಾರದು.

4. ಕೇಳಿದರೆ ಸಿಗುತ್ತದೆಯೇ?

ಕೇರಳದ ಕೋಝಿಕ್ಕೋಡಿನಲ್ಲಿ ಬಟ್ಟೆ ಅಂಗಡಿಗಳ ಹೆಂಗಸರು ದಿನವಿಡೀ ನಿಂತೇ ಇರಬೇಕಾಗಿತ್ತು. ಪಿ. ವಿಜಿ ಎಂಬ ದರ್ಜಿ ಮಹಿಳೆ 'ಪೆಣ್‌ಕೂಟ್ಟ್' ಎಂಬ ಹೆಂಗಸರ ಕೂಟ ಕಟ್ಟಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕೂರಲು ಕುರ್ಚಿ ಕೇಳಿದರು. ವರ್ಷಗಳ ಹೋರಾಟದ ನಂತರ 2018ರಲ್ಲಿ ಕೇರಳ ಕಾಯ್ದೆ ತಿದ್ದಿತು, 2021ರಲ್ಲಿ ತಮಿಳುನಾಡು ಕೂಡ ತಿದ್ದಿತು. ಅವರೂ ನಮ್ಮ ಹಾಗೇ ಸೇರಿ ಮಾತಾಡಿದ ಹೆಂಗಸರು.

ಕೇಳದೆ ಬಿಟ್ಟರೆ ಏನಾಗುತ್ತದೆ ಅನ್ನುವುದೂ ಗೊತ್ತಿರಲಿ. 2021ರ ಡಿಸೆಂಬರ್‌ನಲ್ಲಿ ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಕಾರ್ಖಾನೆಯ ಹುಡುಗಿಯರಿಗೆ ಹಾಸ್ಟೆಲ್ ಊಟದಿಂದ ಕಾಯಿಲೆಯಾಗಿ ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಹುಡುಗಿಯರು ಹೆದ್ದಾರಿಯಲ್ಲಿ ಕೂತ ಮೇಲೆಯೇ, ಕೆಲವು ಮಲಗುವ ಕೋಣೆ, ಊಟದ ಕೋಣೆಗಳು ಸರಿಯಿಲ್ಲವೆಂದು ಆಪಲ್ ಕಂಪನಿ ಒಪ್ಪಿತು. ಅಷ್ಟು ದೂರ ಹೋಗುವ ಮೊದಲೇ ಬಾಯಿಬಿಟ್ಟು ಕೇಳುವುದು ಎಲ್ಲರಿಗೂ ಒಳ್ಳೆಯದು.

ಒಬ್ಬಳೇ ಕೇಳಿದರೆ ಹೆದರಿಕೆ. ನಾಲ್ಕು ಜನ ಸೇರಿ, ತಾರೀಕು ಹಾಕಿ, ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಬೇಕು. ಮೊದಲು ಮೇಲ್ವಿಚಾರಕರಿಗೆ, ಆಮೇಲೆ ಕಲ್ಯಾಣ ಅಧಿಕಾರಿಗೆ, ಅಲ್ಲೂ ಆಗದಿದ್ದರೆ ಕಾರ್ಖಾನೆಗಳ ಇಲಾಖೆಗೆ.

5. ಮನೆಯೂ ಒಂದು ವಿಶ್ರಾಂತಿ ಕೋಣೆ

ರಾತ್ರಿ ಪಾಳಿ ಮುಗಿಸಿ ಮಗಳೋ ಸೊಸೆಯೋ ಬೆಳಿಗ್ಗೆ 7ಕ್ಕೆ ಮನೆಗೆ ಬರುತ್ತಾಳೆ. "ಹಗಲೆಲ್ಲಾ ಮಲಗ್ತಾಳೆ" ಅಂತ ಆಡಿಕೊಳ್ಳೋರು ನಾವೇ. ನೀರು ತಾ, ಹಸುಗೆ ಮೇವು ಹಾಕು ಅಂತ ಎಬ್ಬಿಸೋರೂ ನಾವೇ. ಗಂಡುಮಗ ರಾತ್ರಿ ಪಾಳಿ ಮುಗಿಸಿ ಬಂದರೆ "ಶ್! ಮಲಗಿದ್ದಾನೆ" ಅಂತೀವಲ್ಲ? ಆ "ಶ್" ಮಗಳಿಗೂ ಸೊಸೆಗೂ ಸಿಗಲಿ. ಕಿಟಕಿಗೆ ಹಳೆ ಕಂಬಳಿ ಕಟ್ಟಿ, ಟಿ.ವಿ. ಆರಿಸಿ, ಆರೇಳು ಗಂಟೆ ಬಿಟ್ಟುಬಿಡಿ.

ಸಂಘದಿಂದ ಹೊಲಿಗೆ, ಮಾವಿನ ಉಪ್ಪಿನಕಾಯಿ, ರೊಟ್ಟಿ ಘಟಕ ನಡೆಸುವವರು ತಮ್ಮಲ್ಲೂ ನೋಡಿಕೊಳ್ಳಿ. ಕಾನೂನು ಕೇಳದಿದ್ದರೂ ಒಂದು ಮೂಲೆಯಲ್ಲಿ ಚಾಪೆ, ಬಿಂದಿಗೆ ನೀರು, ಒಂದು ಪರದೆ ಇಡುವುದು ನಮ್ಮ ಕೈಯಲ್ಲೇ ಇದೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಪಾಳಿ ಕೆಲಸದವರಿದ್ದಾರೆ? ಗುತ್ತಿಗೆಯವರು ಎಷ್ಟು?
2. ಅವರ ಕಾರ್ಖಾನೆಯಲ್ಲಿ ಮೇಲಿನ ಪಟ್ಟಿಯ ಯಾವುದು ಇದೆ, ಯಾವುದು ಇಲ್ಲ?
3. ರಾತ್ರಿ ಪಾಳಿಯವರ ಹಗಲು ನಿದ್ದೆಗೆ ಮನೆಯಲ್ಲಿ ಏನು ಬದಲಾಯಿಸಬಹುದು?

ಮಾಡಬೇಕಾದ ಕೆಲಸ: ಮುಂದಿನ ಸಭೆಯೊಳಗೆ ಪ್ರತಿ ಸದಸ್ಯೆ ಒಬ್ಬ ಪಾಳಿ ಕೆಲಸದವಳ ಹತ್ತಿರ ಕೂತು ಪಟ್ಟಿ ಓದಿ ಹೇಳಿ, ಇದೆ-ಇಲ್ಲ ಗುರುತು ಹಾಕಿಕೊಂಡು ಬರಲಿ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಒಂದೇ ಕಾರ್ಖಾನೆಯ ಹುಡುಗಿಯರು ಮೂರು ನಾಲ್ಕು ಸಂಘಗಳ ಮನೆಯವರಾಗಿದ್ದರೆ, ಅರ್ಜಿಗೆ ಬೇಕಾದ ಜನ ಆಗಲೇ ಸಿಕ್ಕಂತೆ.