ಕೇಳಿ ಪಡೆಯುವ ಹಕ್ಕು: ನೀರು, ಮೇವು ಮತ್ತು ಮಾಹಿತಿ ಕಾಯಿದೆ



ಸಂಘಕ್ಕೆ ಹಾಲು ಹಾಕಿದ ಮೇಲೆ ಡಿಗ್ರಿ ಎಷ್ಟು, ಫ್ಯಾಟ್ ಎಷ್ಟು ಎಂದು ಕೇಳಿ ತಿಳಿಯುವುದು ನಮಗೆಲ್ಲ ರೂಢಿ. ಪುಸ್ತಕದಲ್ಲಿ ಬರೆದದ್ದು ಕಣ್ಣಿಗೆ ಕಂಡರೆ ತಕರಾರು ಉಳಿಯುವುದಿಲ್ಲ. ಸರ್ಕಾರಿ ಕಚೇರಿಯ ಕಡತಗಳನ್ನೂ ಹೀಗೆಯೇ ಕೇಳಿ ನೋಡುವ ಹಕ್ಕು ನಮಗಿದೆ. ಈ ಪಾಠದಲ್ಲಿ ಅದನ್ನು ತಿಳಿಯೋಣ.

ಕಾಯಿದೆ ಬಂದ ಬಗೆ

ಇಂಥ ಕಾಯಿದೆ ಮೊದಲು ಬಂದದ್ದು 1766ರಲ್ಲಿ, ಸ್ವೀಡನ್ ದೇಶದಲ್ಲಿ. ನಮ್ಮಲ್ಲಿ 1990ರ ದಶಕದಲ್ಲಿ ರಾಜಸ್ಥಾನದ ಕೂಲಿಕಾರರು ಮತ್ತು ಸಣ್ಣ ರೈತರು ಕಾಮಗಾರಿಗಳ ಹಾಜರಿ ಪಟ್ಟಿ, ಬಿಲ್ಲುಗಳನ್ನು ತೋರಿಸಿರೆಂದು ಹೋರಾಡಿದರು. ಕರ್ನಾಟಕವು 2000ದಲ್ಲಿ ತನ್ನದೇ ಕಾಯಿದೆ ಮಾಡಿತು. 2005ರ ಅಕ್ಟೋಬರ್ 12ರಿಂದ ಕೇಂದ್ರದ ಮಾಹಿತಿ ಹಕ್ಕು ಅಧಿನಿಯಮ ಪೂರ್ಣವಾಗಿ ಜಾರಿಯಲ್ಲಿದೆ.

ಪರಿಸರದ ಮಾಹಿತಿ ಜನರಿಗೆ ಸಿಗಬೇಕೆಂದು 1992ರಲ್ಲಿ ರಿಯೋ ನಗರದ ಭೂಮಿ ಶೃಂಗಸಭೆ ತನ್ನ 10ನೇ ತತ್ವದಲ್ಲಿ ಸಾರಿತ್ತು. ಮಕ್ಕಳ ಪಾಲಿನ ನೀರು, ನೆಲವನ್ನು ಕೆಡಿಸದೆ ಇಂದಿನ ಬದುಕು ಹಸನಾಗಿಸುವುದೇ ಸುಸ್ಥಿರ ಅಭಿವೃದ್ಧಿ. ಏನು ಕೆಡುತ್ತಿದೆ ಎಂಬುದೇ ತಿಳಿಯದಿದ್ದರೆ ಉಳಿಸುವುದು ಹೇಗೆ?

ನಮ್ಮ ಜಿಲ್ಲೆಗೆ ಏಕೆ ಬೇಕು?

ಆಕಳ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಮನೆ ಮಂದಿಗೂ ದನಕರುಗಳಿಗೂ ಒಳ್ಳೆಯ ನೀರು ಬೇಕು. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರಿನಿಂದ ಅನೇಕರು ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. 2023ರ ಮೇನಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಹಲವರು ವಾಂತಿ-ಭೇದಿಯಿಂದ ನರಳಿದರು.

ಮಾನ್ವಿ ಭಾಗದ ಕಷ್ಟ ಬೇರೆ. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗಕ್ಕೆ ನೀರು ಮುಟ್ಟದಿದ್ದರೆ ಹಸಿ ಮೇವಿಲ್ಲ, ಮೇವಿಲ್ಲದಿದ್ದರೆ ಹಾಲಿಲ್ಲ.

ನೀರಿನ ಪರೀಕ್ಷಾ ವರದಿ, ಟ್ಯಾಂಕ್ ತೊಳೆದ ದಿನಾಂಕ, ನಾಲೆಯ ಗೇಜ್ ದಾಖಲೆ ಇವೆಲ್ಲ ಕಚೇರಿಯಲ್ಲಿ ಇರಬೇಕಾದ ಕಾಗದಗಳು. ಕಾಯಿಲೆ ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ಕೇಳಿ ನೋಡುವುದು ಲೇಸು.

ಅರ್ಜಿ ಹಾಕುವ ಕ್ರಮ

1. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ. ಸಂಬಂಧಪಟ್ಟ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಿ. ಕಾರಣ ತಿಳಿಸಬೇಕಾಗಿಲ್ಲ.

2. ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಸಾಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ.

3. "ನೀರು ಏಕೆ ಕೆಟ್ಟಿದೆ?" ಎಂದು ಕೇಳಬೇಡಿ. "ಕಳೆದ ಒಂದು ವರ್ಷದಲ್ಲಿ ನಮ್ಮ ಗ್ರಾಮದ ಕುಡಿಯುವ ನೀರು ಪರೀಕ್ಷಿಸಿದ ವರದಿಗಳ ಪ್ರತಿ ಕೊಡಿ" ಎಂದು ಕೇಳಿ. ಕಾಯಿದೆ ಕೊಡಿಸುವುದು ದಾಖಲೆಯನ್ನು, ಸಮಜಾಯಿಷಿಯನ್ನಲ್ಲ.

4. 30 ದಿನದೊಳಗೆ ಉತ್ತರ ಬರಬೇಕು. ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಬಾರದಿದ್ದರೆ 30 ದಿನದೊಳಗೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು.

ಹಾಲಿನ ಸಂಘಕ್ಕೂ ಅನ್ವಯವೇ?

ಸಹಕಾರ ಕಾಯಿದೆಯಡಿ ನೋಂದಣಿಯಾದ ಮಾತ್ರಕ್ಕೆ ಸಂಘವು ಸಾರ್ವಜನಿಕ ಪ್ರಾಧಿಕಾರವಾಗುವುದಿಲ್ಲ, ಸರ್ಕಾರದ ಗಣನೀಯ ಹಣಕಾಸು ಅಥವಾ ಹಿಡಿತವಿದ್ದರೆ ಆಗಬಹುದು ಎಂದು ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 7ರಂದು ಕೇರಳದ ಒಂದು ಪ್ರಕರಣದಲ್ಲಿ ಹೇಳಿದೆ. ಆದರೆ ಸಹಕಾರ ಸಂಘಗಳ ನಿಬಂಧಕರ ಕಚೇರಿ ಸಾರ್ವಜನಿಕ ಪ್ರಾಧಿಕಾರವೇ. ಕಾನೂನಿನಂತೆ ಅವರು ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಅವರಲ್ಲಿ ಕೇಳಬಹುದು. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾದ ಪ್ರೋತ್ಸಾಹಧನವೂ ಸರ್ಕಾರದ ಹಣ. ಯಾವ ತಿಂಗಳಿನದು ಬಿಡುಗಡೆಯಾಗಿದೆ ಎಂಬುದನ್ನು ಇಲಾಖೆಯಲ್ಲಿ ಕೇಳಬಹುದು.

ಸಂಘದ ಲೆಕ್ಕಕ್ಕೆ ಮೊದಲ ಜಾಗ ಮಾತ್ರ ನಮ್ಮ ವಾರ್ಷಿಕ ಮಹಾಸಭೆಯೇ. ಅಲ್ಲಿ ಲೆಕ್ಕಪರಿಶೋಧನಾ ವರದಿ ಓದುವಾಗ ಎದ್ದು ಹೋಗದೆ ಕುಳಿತು ಕೇಳಿ.

ಈ ತಿಂಗಳ ಅಭ್ಯಾಸ: ನಾಲ್ಕೈದು ಸದಸ್ಯರು ಕೂಡಿ ನಿಮ್ಮ ಊರಿನ ನೀರಿನ ವರದಿಗಾಗಿ ಒಂದು ಅರ್ಜಿ ಬರೆಯಿರಿ, ಒಬ್ಬರ ಹೆಸರಿನಲ್ಲಿ ಸಲ್ಲಿಸಿ. ಸ್ವೀಕೃತಿ ಪಡೆಯಲು ಮರೆಯಬೇಡಿ. ಬಂದ ಉತ್ತರವನ್ನು ಸಂಘದ ಹಾಲು ಅಳೆಯುವ ಜಾಗದಲ್ಲಿ ಎಲ್ಲರಿಗೂ ಓದಿ ಹೇಳಿ.