ಓದೋಣ, ಕೂತು ಮಾತಾಡೋಣ



ಪೀಠಿಕೆ: ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ದೇಶ ಸುತ್ತೋಕೆ ಬಸ್ ಚಾರ್ಜು ಬೇಕು, ಕೋಶ ಓದೋಕೆ ಪುಸ್ತಕ ಸಿಕ್ಕರೆ ಸಾಕು. ಆದರೆ ಓದಿ ಮುಚ್ಚಿಟ್ಟರೆ ಅರ್ಧ ಓದಿದ ಹಾಗೆ. ನಾಲ್ಕು ಜನ ಒಂದೇ ಪುಸ್ತಕ ಓದಿ, ಒಂದು ಕಡೆ ಕೂತು ಅದರ ಬಗ್ಗೆ ಮಾತಾಡುವುದೇ ಸಾಹಿತ್ಯ ಚರ್ಚೆ. ಹೀಗೆ ಸೇರುವವರನ್ನು ಓದುಗರ ಬಳಗ ಎನ್ನುತ್ತಾರೆ.

ವಿಷಯ ನಿರೂಪಣೆ: ಇದು ಹೊಸದೇನಲ್ಲ. ಹಿಂದೆ ಹಳ್ಳಿಗಳಲ್ಲಿ ಕುಮಾರವ್ಯಾಸ ಭಾರತ, ಜೈಮಿನಿ ಭಾರತ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ವಾಚನ ಮಾಡಿದರೆ ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಿದ್ದರು. ಅಕ್ಷರ ಬಾರದವರೂ ಕೂತು ಕೇಳುತ್ತಿದ್ದರು.

1920ರ ದಶಕದಲ್ಲಿ ಧಾರವಾಡದಲ್ಲಿ ದ.ರಾ. ಬೇಂದ್ರೆಯವರ ‘ಗೆಳೆಯರ ಗುಂಪು’ ಇತ್ತು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ವಿ.ಕೃ. ಗೋಕಾಕರೂ ಅದಕ್ಕೆ ಸೇರಿದರು. ಮುಂದೆ ಬೇಂದ್ರೆಯವರಿಗೆ 1973ರ ಜ್ಞಾನಪೀಠ, ಗೋಕಾಕರಿಗೆ 1990ರ ಜ್ಞಾನಪೀಠ ಬಂತು. ಒಂದೇ ಗುಂಪಿನ ಇಬ್ಬರಿಗೆ!

ಇದೆಲ್ಲ ಪಟ್ಟಣದವರಿಗೆ ಮಾತ್ರ ಅಂತ ತಿಳಿಯಬೇಡಿ. ಸಾಗರ ತಾಲ್ಲೂಕಿನ ಹೆಗ್ಗೋಡು ಒಂದು ಹಳ್ಳಿ. ಅಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. ಅಲ್ಲಿ ನಾಟಕದ ಜೊತೆಗೆ ಶಿಬಿರ ನಡೆಸಿ ಸಾಹಿತ್ಯದ ಚರ್ಚೆಯನ್ನೂ ಮಾಡುತ್ತಾರೆ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು.

ನಮ್ಮ ಜಿಲ್ಲೆಯಲ್ಲೇ ನೋಡಿ. ವಿಮರ್ಶಕ ಡಿ.ಆರ್. ನಾಗರಾಜ್ 1954ರಲ್ಲಿ ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿದರು. ಪುಸ್ತಕಗಳನ್ನು ಓದಿ, ವಿಚಾರ ಮಾಡಿ, ವಾದ ಮಾಡುವುದೇ ವಿಮರ್ಶಕರ ಕೆಲಸ. ಅವರ ‘ಸಾಹಿತ್ಯ ಕಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಮಗ್ಗದ ಸದ್ದಿನ ಮನೆಯಿಂದಲೂ ಅಂಥವರು ಬರುತ್ತಾರೆ.

ಸೇರುವುದು ಎಲ್ಲಿ? ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿಗೆ ತಾಲ್ಲೂಕು ಘಟಕಗಳಿವೆ. ಅವರ ಉಪನ್ಯಾಸಗಳಿಗೆ ಮೇಷ್ಟ್ರ ಜೊತೆ ಹೋಗಬಹುದು. ಹತ್ತಿರ ಏನೂ ಇಲ್ಲದಿದ್ದರೆ ಮನೆಯ ಜಗಲಿ ಸಾಕು.

ನಮ್ಮ ಬೀದಿಯಲ್ಲಿ ಐದು ಜನ ಭಾನುವಾರ ಸೇರುತ್ತೇವೆ. ಒಂದು ವಾರ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಓದಿದೆವು. ಜೋಗಿ ಮಕ್ಕಳನ್ನು ಕರಕೊಂಡು ಹೋದದ್ದು ಸರಿಯೇ ಎಂಬುದು ಪ್ರಶ್ನೆ. ‘ಗೌಡ ದುಡ್ಡು ಕೊಡಲಿಲ್ಲ, ಅದಕ್ಕೇ ಸರಿ’ ಎಂದು ಹುಡುಗರು ಹೇಳಿದರು. ‘ಮಕ್ಕಳೇನು ತಪ್ಪು ಮಾಡಿದ್ವು?’ ಎಂದು ಒಬ್ಬಳು ಕೇಳಿದಳು. ಅವರೆಕಾಯಿ ಬಿಡಿಸುತ್ತಾ ಕೂತಿದ್ದ ನಮ್ಮ ಅಜ್ಜಿ, ‘ಮಾತಿಗೆ ತಪ್ಪಿದೋನು ಗೌಡ, ಕಣ್ಣೀರು ಹಾಕಿದೋರು ಹೆತ್ತೋರು. ದೊಡ್ಡೋರ ಸಾಲನ ಮಕ್ಕಳು ತೀರಿಸಬೇಕಾ?’ ಅಂದರು. ಅಜ್ಜಿಗೆ ಓದು ಬರೋದಿಲ್ಲ. ಆದರೂ ಆ ದಿನ ಎಲ್ಲರಿಗಿಂತ ಒಳ್ಳೆಯ ಮಾತು ಅವರದೇ. ಒಬ್ಬನೇ ಓದಿದ್ದರೆ ನನಗೆ ಜೋಗಿಯ ಕಿಂದರಿ ಮಾತ್ರ ಕೇಳಿಸುತ್ತಿತ್ತು, ಆ ತಾಯಂದಿರ ಅಳು ಕೇಳಿಸುತ್ತಿರಲಿಲ್ಲ.

ನಾವು ಮಾಡಿಕೊಂಡ ನಿಯಮಗಳು:
1. ಸಣ್ಣ ಪುಸ್ತಕ ಆರಿಸಬೇಕು. ಒಂದೇ ಪ್ರತಿ ಇದ್ದರೆ ಒಬ್ಬರು ಗಟ್ಟಿಯಾಗಿ ಓದಬೇಕು.
2. ಎಲ್ಲರೂ ಒಂದೊಂದು ಪ್ರಶ್ನೆ ತರಬೇಕು.
3. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು, ನಗಬಾರದು.
4. ‘ಚೆನ್ನಾಗಿದೆ’ ಎಂದರೆ ಸಾಲದು, ಯಾಕೆ ಅಂತ ಹೇಳಬೇಕು.
5. ಕತ್ತಲಾಗುವ ಮೊದಲೇ ಮುಗಿಸಬೇಕು. ಆಗ ಹುಡುಗಿಯರನ್ನೂ ಮನೆಯಿಂದ ಕಳಿಸುತ್ತಾರೆ.

ಉಪಸಂಹಾರ: ಏಳನೇ ತರಗತಿ ಮುಗಿದ ಮೇಲೆ ನಾವು ಈ ಶಾಲೆ ಬಿಡುತ್ತೇವೆ. ಕೆಲವರು ಬೇರೆ ಊರಿನ ಹೈಸ್ಕೂಲಿಗೆ ಹೋಗುತ್ತೇವೆ. ನಮ್ಮ ಗುಂಪಿನ ಒಬ್ಬಳನ್ನು ಮಗ್ಗದ ಕೆಲಸಕ್ಕೆ ಹಾಕುತ್ತಾರಂತೆ. ಅವಳು ಓದಬೇಕು ಅಂತ ನಮಗೆಲ್ಲ ಆಸೆ. ಗುರುಗಳು ಅವಳ ಮನೆಯಲ್ಲಿ ಒಂದು ಮಾತು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಏನೇ ಆದರೂ ಭಾನುವಾರದ ಜಗಲಿ ಅವಳಿಗೆ ತಪ್ಪಬಾರದು. ಚರ್ಚೆಯ ಗುಂಪಿಗೆ ಟಿ.ಸಿ. ಬೇಕಿಲ್ಲ, ಫೀಸು ಬೇಕಿಲ್ಲ. ನೀವೂ ಬನ್ನಿ.

– ಏಳನೇ ತರಗತಿ ವಿದ್ಯಾರ್ಥಿ